ಜಪ್ತಿಯಾದ ಮನೆ ಯಾರಿಗೆ ಸೇರಬೇಕು?

ಅಮೆರಿಕದಲ್ಲಿ ಮನೆ ಕೈತಪ್ಪುವುದಕ್ಕೆ ಮುಖ್ಯವಾಗಿ ಎರಡು ದಾರಿ. ಸಾಲದ ಕಂತು ನಿಂತರೆ ಬ್ಯಾಂಕು ಜಪ್ತಿ ಮಾಡುತ್ತದೆ. ಆಸ್ತಿ ತೆರಿಗೆ ಬಾಕಿ ಬಿದ್ದರೆ ನಮ್ಮ ಜಿಲ್ಲಾಡಳಿತದಂಥ ಕೌಂಟಿ ಜಪ್ತಿ ಮಾಡುತ್ತದೆ. ಎರಡೂ ದಾರಿ ಬಂದು ಸೇರುವುದು ಹರಾಜಿಗೆ. ಹರಾಜಿನ ನಂತರ ಆ ಮನೆ ಏನಾಗುತ್ತದೆ ಎಂದು ಕೇಳುವವರು ಬಹಳ ದಿನ ಇರಲಿಲ್ಲ. 2008ರ ಹಣಕಾಸು ಕುಸಿತದಲ್ಲಿ ಬೀದಿಗಟ್ಟಲೆ ಮನೆಗಳು ಖಾಲಿ ಬಿದ್ದಾಗ ಕೇಳಲೇಬೇಕಾಯಿತು. ಅಂಥ ಮನೆಗಳನ್ನು ಮತ್ತೆ ಅದೇ ಬೀದಿಯ ಬಳಕೆಗೆ ತರಲು ಬಿಟ್ಟುಹೋದ ಆಸ್ತಿಯನ್ನು ಹಿಡಿದಿಡುವ ಲ್ಯಾಂಡ್ ಬ್ಯಾಂಕು, ನೆಲವನ್ನು ತನ್ನಲ್ಲೇ ಇಟ್ಟುಕೊಂಡು ಮನೆಯನ್ನಷ್ಟೇ ಮಾರುವ ಸಮುದಾಯ ಭೂ ಟ್ರಸ್ಟು, ಮೊದಲ ಖರೀದಿ ಹಕ್ಕಿನ ಕಾಯ್ದೆಗಳು ಬಂದವು, ಮೊದಲೇ ಇದ್ದವು ಚುರುಕಾದವು. ಈ ಲೇಖಕ ಅವುಗಳ ಪರ. ಅಲ್ಲಿನ ಕನ್ನಡಿಗರ ಮಾತುಕತೆಯಲ್ಲೂ ಇಲ್ಲಿಂದ ಅಮೆರಿಕವನ್ನು ನೋಡುವವರಲ್ಲೂ ಈ ಬಗ್ಗೆ ಕೆಲವು ತಪ್ಪು ಕಲ್ಪನೆಗಳು ಗಟ್ಟಿಯಾಗಿ ಕೂತಿವೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಕಂತು ಕಟ್ಟದವನ ಮನೆ ಹೋಯಿತು. ಅದರಲ್ಲಿ ಬೀದಿಯವರ ಗಂಟೇನು ಹೋಯಿತು?

ವಾಸ್ತವ: ಹೋಗುವುದು ಬೀದಿಯವರ ಗಂಟೇ. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಸ್ಲಾವಿಕ್ ವಿಲೇಜ್ ಎಂಬ ಬಡಾವಣೆ ಇದೆ. ಉಕ್ಕಿನ ಕಾರ್ಖಾನೆಗಳಿಗೆ ದುಡಿಯಲು ಬಂದ ಪೋಲಿಷ್, ಚೆಕ್ ಕುಟುಂಬಗಳು ಕಟ್ಟಿಕೊಂಡ ಮರದ ಮನೆಗಳ ಕೇರಿ ಅದು. 2007ರಲ್ಲಿ ಇಡೀ ದೇಶದ ಜಪ್ತಿ ಬಿಕ್ಕಟ್ಟಿಗೆ ಇದೇ ಕೇಂದ್ರಬಿಂದು ಎಂದು ಪತ್ರಿಕೆಗಳು ಬರೆದವು. ಆ ಒಂದೇ ವರ್ಷ ಕ್ಲೀವ್‌ಲ್ಯಾಂಡ್ ಇರುವ ಕಯಾಹೋಗ ಕೌಂಟಿಯಲ್ಲಿ ಸುಮಾರು 15 ಸಾವಿರ ಜಪ್ತಿ ದಾವೆಗಳು ಹೂಡಲ್ಪಟ್ಟಿದ್ದವು.

ಅಲ್ಲಿ ಒಂದು ಮನೆ ಖಾಲಿಯಾದ ಮೇಲೆ ಏನಾಗುತ್ತದೆಂದು ಹತ್ತಿರದಿಂದ ನೋಡಬೇಕು. ಮೊದಲು ಬರುವವರು ಗುಜರಿಯವರು. ನೆಲಮಾಳಿಗೆಗೆ ಇಳಿದು ತಾಮ್ರದ ಪೈಪುಗಳನ್ನು ಕೊಯ್ಯುತ್ತಾರೆ, ನೀರು ಕಾಯಿಸುವ ಟ್ಯಾಂಕು ಹೊರುತ್ತಾರೆ, ಹೊರಗೋಡೆಗೆ ಹೊದಿಸಿದ ಅಲ್ಯೂಮಿನಿಯಂ ತಗಡನ್ನು ಕೈಗೆಟುಕುವಷ್ಟು ಎತ್ತರದವರೆಗೆ ಕಿತ್ತೊಯ್ಯುತ್ತಾರೆ. ಹಾಗಾಗಿ ಅಂಥ ಮನೆಗಳು ಕೆಳಗರ್ಧ ಬೆತ್ತಲೆಯಾಗಿ, ಮೇಲರ್ಧ ಬಿಳಿಯಾಗಿ ನಿಂತಿರುತ್ತವೆ. ಕಳ್ಳರು ಬಾರದಿದ್ದರೂ ಚಳಿ ಬರುತ್ತದೆ. ಒಳಗೆ ಬಿಸಿ ಇಲ್ಲದೆ ಪೈಪಿನ ನೀರು ಹೆಪ್ಪುಗಟ್ಟಿ ಪೈಪು ಸೀಳುತ್ತದೆ; ಕರಗಿದಾಗ ನೀರು ಗೋಡೆಯೊಳಗೆ ಇಳಿಯುತ್ತದೆ; ಬೇಸಿಗೆಯ ಹೊತ್ತಿಗೆ ಮನೆಯೆಲ್ಲ ಬೂಷ್ಟು. ಒಂದೇ ಚಳಿಗಾಲ ಸಾಕು, ವಾಸಕ್ಕೆ ಯೋಗ್ಯವಾಗಿದ್ದ ಮನೆ ಕೆಡವಬೇಕಾದ ಮನೆಯಾಗುತ್ತದೆ.

ಪಕ್ಕದ ಮನೆಯ ಮುದುಕಿ ತಪ್ಪದೆ ಕಂತು ಕಟ್ಟಿದವಳು, ತೆರಿಗೆ ಕಟ್ಟಿದವಳು. ಅವಳ ಮನೆಗೂ ಬೆಲೆ ಇಳಿಯುತ್ತದೆ. ಶಿಕಾಗೋದಲ್ಲಿ ಡ್ಯಾನ್ ಇಮ್ಮರ್‌ಗ್ಲಕ್ ಮತ್ತು ಜೆಫ್ ಸ್ಮಿತ್ ಲೆಕ್ಕ ಹಾಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಮನೆ ಜಪ್ತಿಯಾದರೆ ಮೈಲಿಯ ಎಂಟನೇ ಒಂದು ಭಾಗದೊಳಗಿನ ಮನೆಗಳ ಬೆಲೆ ತಲಾ ಶೇ. 0.9ರಷ್ಟು ಕುಸಿಯುತ್ತದೆ. ಒಂದಕ್ಕೆ ಅಷ್ಟು. ಬೀದಿಯಲ್ಲಿ ಹತ್ತು ಜಪ್ತಿಯಾದರೆ ನೀವೇ ಲೆಕ್ಕ ಹಾಕಿ.

ಇನ್ನೊಂದು ವಿಚಿತ್ರವೂ ಇದೆ. ಎಷ್ಟೋ ಕಡೆ ಬ್ಯಾಂಕು ದಾವೆ ಹೂಡಿ, ಮನೆಯವರು ಹೆದರಿ ಬಿಟ್ಟುಹೋದ ಮೇಲೆ, ಈ ಮನೆಯಿಂದ ಗಿಟ್ಟುವುದಕ್ಕಿಂತ ಖರ್ಚೇ ಹೆಚ್ಚು ಎಂದು ಲೆಕ್ಕ ಹಾಕಿ ಪ್ರಕರಣವನ್ನು ಅರ್ಧಕ್ಕೇ ಬಿಟ್ಟುಬಿಡುತ್ತದೆ. ಕಾಗದದಲ್ಲಿ ಮನೆ ಹಳೆಯ ಮಾಲೀಕನದೇ. ಮನೆ ಹೋಯಿತೆಂದು ನಂಬಿ ಬೇರೆ ಊರಲ್ಲಿ ಬಾಡಿಗೆಗಿರುವವನಿಗೆ ವರ್ಷಗಳ ನಂತರ ಹುಲ್ಲು ಕತ್ತರಿಸಿಲ್ಲವೆಂದು ದಂಡದ ನೋಟಿಸು ಬರುತ್ತದೆ. ಕ್ಲೀವ್‌ಲ್ಯಾಂಡಿನ ವಸತಿ ನ್ಯಾಯಾಲಯದ ನ್ಯಾಯಾಧೀಶ ರೇಮಂಡ್ ಪಿಯಾಂಕಾ ಇಂಥವುಗಳಿಂದ ರೋಸಿ, ಕೋರ್ಟಿಗೆ ಬಾರದ ಹೊರರಾಜ್ಯದ ಕಂಪನಿಗಳನ್ನು ಗೈರುಹಾಜರಿಯಲ್ಲೇ ವಿಚಾರಣೆ ಮಾಡಿ ದಂಡ ಹಾಕಿದರು. ಮನೆ ಬಿಟ್ಟುಹೋದವನು ಸಾಲಗಾರನಷ್ಟೇ ಅಲ್ಲ, ಸಾಲ ಕೊಟ್ಟವನೂ ಹೌದು ಎಂಬುದು ಆ ಕಟಕಟೆಯಲ್ಲಿ ಎಲ್ಲರಿಗೂ ಕಂಡಿತು.

ತಪ್ಪು ಕಲ್ಪನೆ: ಹರಾಜು ಹಾಕಿದರೆ ಆಯಿತು. ಬೇಕಾದವನು ಕೊಳ್ಳುತ್ತಾನೆ, ಮಾರುಕಟ್ಟೆಯೇ ಸರಿಮಾಡುತ್ತದೆ.

ವಾಸ್ತವ: ಇದನ್ನು ಮಿಷಿಗನ್ ರಾಜ್ಯದ ಫ್ಲಿಂಟ್ ಪರೀಕ್ಷಿಸಿ ನೋಡಿದೆ. ಜನರಲ್ ಮೋಟರ್ಸ್ ಹುಟ್ಟಿದ ಊರು. 1960ರಲ್ಲಿ ಸುಮಾರು 1.97 ಲಕ್ಷ ಜನ ಇದ್ದರು. 2020ರ ಜನಗಣತಿಯಲ್ಲಿ 81 ಸಾವಿರ ಚಿಲ್ಲರೆ. ಜನ ಹೋದರು, ಮನೆಗಳು ಉಳಿದವು. ಹಳೆಯ ಕಾನೂನಿನಲ್ಲಿ ತೆರಿಗೆ ಬಾಕಿಯ ಹಕ್ಕನ್ನೇ ಹೂಡಿಕೆದಾರರಿಗೆ ಮಾರುತ್ತಿದ್ದರು. ವರ್ಷಗಟ್ಟಲೆ ಮನೆ ಯಾರದೆಂದು ತೀರ್ಮಾನವಾಗುತ್ತಿರಲಿಲ್ಲ. ಕೊಂಡವರಲ್ಲಿ ಹಲವರು ಮನೆಯನ್ನು ಕಣ್ಣಿಂದ ನೋಡಿದವರೂ ಅಲ್ಲ. ದುರಸ್ತಿಯಿಲ್ಲದೆ ಬಾಡಿಗೆಗೆ ಕೊಟ್ಟು, ತೆರಿಗೆ ಕಟ್ಟದೆ, ಹಿಂಡುವಷ್ಟು ಹಿಂಡಿ ಕೈಬಿಡುವುದು. ಅದೇ ಮನೆ ಮತ್ತೆ ಹರಾಜಿಗೆ ಬರುವುದು. ಹೆಚ್ಚು ಕೂಗಿದವನಿಗೆ ಎಂಬ ಒಂದೇ ನಿಯಮವಿದ್ದಾಗ, ಆ ಮನೆಯನ್ನು ಏನು ಮಾಡುತ್ತೀಯ ಎಂದು ಕೇಳುವ ಅಧಿಕಾರ ಯಾರಿಗೂ ಇರುವುದಿಲ್ಲ.

ಮಿಷಿಗನ್ 1999ರಲ್ಲಿ ಕಾನೂನು ಬದಲಿಸಿತು. ಬಾಕಿ ಆಸ್ತಿ ಸುಮಾರು 3 ವರ್ಷದಲ್ಲಿ ತಕರಾರಿಲ್ಲದ ಹಕ್ಕಿನೊಂದಿಗೆ ಕೌಂಟಿ ಖಜಾಂಚಿಯ ಕೈಗೆ ಬರುವಂತಾಯಿತು. ಫ್ಲಿಂಟ್ ಇರುವ ಜೆನೆಸೀ ಕೌಂಟಿಯ ಖಜಾಂಚಿಯಾಗಿದ್ದ ಡ್ಯಾನ್ ಕಿಲ್ಡೀ ಇದನ್ನು ಹಿಡಿದುಕೊಂಡು ಲ್ಯಾಂಡ್ ಬ್ಯಾಂಕು ಕಟ್ಟಿದರು. ಅದರ ಕೆಲಸ ಕೇಳಲು ಸಪ್ಪೆ: ಆಸ್ತಿಯನ್ನು ಹಿಡಿದಿಟ್ಟುಕೊಳ್ಳುವುದು, ಕಾಗದಪತ್ರದ ತೊಡಕು ಬಿಡಿಸುವುದು, ಹುಲ್ಲು ಕತ್ತರಿಸುವುದು, ಆಮೇಲೆ ಯಾರಿಗೆ ಯಾವ ಷರತ್ತಿನ ಮೇಲೆ ಕೊಡಬೇಕೆಂದು ನಿರ್ಧರಿಸುವುದು. ಸೈಟಿನ ಋಣಭಾರ ಪತ್ರ (ಇಸಿ) ತೆಗೆಸಿ, ಹಳೆಯ ಅಡಮಾನವೊಂದು ಎದ್ದು ಕೂತಿದ್ದನ್ನು ಕಂಡು ತಲೆ ಚಚ್ಚಿಕೊಂಡವರಿಗೆ ಎರಡನೆಯ ಕೆಲಸದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಇಷ್ಟು ತಿಂಗಳೊಳಗೆ ದುರಸ್ತಿ ಮಾಡಿ ವಾಸಕ್ಕೆ ಬರಬೇಕು, ಇಲ್ಲವಾದರೆ ಮನೆ ವಾಪಸು ಎಂಬ ಷರತ್ತು ಹರಾಜಿನಲ್ಲಿ ಹುಟ್ಟುವುದಿಲ್ಲ. ಲ್ಯಾಂಡ್ ಬ್ಯಾಂಕು ಅಂಥ ಷರತ್ತು ಹಾಕಬಲ್ಲದು.

ಬೆಲೆ ಏರಿದ ಊರುಗಳಲ್ಲಿ ಕಾಯಿಲೆ ಬೇರೆ, ಕಾರಣ ಹೆಚ್ಚು ಕೂಗಿದವನಿಗೆ ಎಂಬ ಅದೇ ನಿಯಮ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ, ಮ್ಯಾಗ್ನೋಲಿಯಾ ಬೀದಿಯ ಮನೆಯೊಂದನ್ನು ಮನೆ ಕೊಂಡು ಮಾರುವ ಕಂಪನಿಯೊಂದು 2019ರಲ್ಲಿ ಜಪ್ತಿ ಹರಾಜಿನಲ್ಲಿ ಸುಮಾರು 5 ಲಕ್ಷ ಡಾಲರಿಗೆ ಕೊಂಡಿತು. ಮನೆ ಖಾಲಿಯೇ ಇತ್ತು. ಆ ನವೆಂಬರಿನಲ್ಲಿ ಸೂರಿಲ್ಲದ ತಾಯಂದಿರು ಮಕ್ಕಳೊಡನೆ ಒಳಹೊಕ್ಕರು. 2020ರ ಜನವರಿಯಲ್ಲಿ ಶೆರಿಫನ ಪೊಲೀಸರು ಕವಚದ ವಾಹನ ತಂದು ನಸುಕಿನಲ್ಲಿ ಅವರನ್ನು ಹೊರಹಾಕಿದರು. ತಾಯಂದಿರಿದ್ದ ಮನೆಗೆ ಯುದ್ಧದ ಗಾಡಿ! ಊರೆಲ್ಲ ಎದ್ದು ಕೂತಿತು. ಕೊನೆಗೆ ಅದೇ ವರ್ಷ ಓಕ್‌ಲ್ಯಾಂಡಿನ ಸಮುದಾಯ ಭೂ ಟ್ರಸ್ಟು 5,87,500 ಡಾಲರ್ ಕೊಟ್ಟು ಮನೆಯನ್ನು ಕೊಂಡಿತು. ಬೀಗ ಒಡೆದು ಹೋಗುವುದು ಸರಿಯೇ ತಪ್ಪೇ ಎಂಬ ವಾದ ಈಗಲೂ ಮುಗಿದಿಲ್ಲ. ಆದರೆ ಅದರ ಬಿಸಿಯಲ್ಲೇ ಕ್ಯಾಲಿಫೋರ್ನಿಯಾ ಒಂದು ಕಾಯ್ದೆ ಮಾಡಿ, 2021ರ ಜನವರಿಯಿಂದ ಜಾರಿಗೆ ತಂದಿತು: ಜಪ್ತಿಯಾದ ಮನೆಗಳನ್ನು ಕಂತೆ ಕಟ್ಟಿ ಒಬ್ಬನಿಗೇ ಹರಾಜು ಹಾಕುವಂತಿಲ್ಲ. ಗೆದ್ದವನು ತಾನೇ ವಾಸಿಸುವವನಲ್ಲದಿದ್ದರೆ, ಒಳಗಿರುವ ಬಾಡಿಗೆದಾರ ಅದೇ ಬೆಲೆ ಕೊಟ್ಟು ಮನೆ ಪಡೆಯಬಹುದು. ವಾಸಕ್ಕಾಗಿ ಕೊಳ್ಳುವವರು, ಲಾಭರಹಿತ ಸಂಸ್ಥೆಗಳು ಅದಕ್ಕಿಂತ ಹೆಚ್ಚು ಕೂಗಿ ಪಡೆಯಬಹುದು. ಅದಕ್ಕೆ 45 ದಿನಗಳ ಅವಕಾಶ. ನ್ಯೂಜೆರ್ಸಿಯಲ್ಲೂ 2024ರ ಜನವರಿಯಲ್ಲಿ ಇದೇ ಜಾಡಿನ ಕಾಯ್ದೆ ಬಂತು. ಮನೆ ಕಳೆದುಕೊಂಡವನಿಗೂ ಅವನ ಹತ್ತಿರದ ಬಂಧುಗಳಿಗೂ ಅಲ್ಲಿ ಅವಕಾಶವಿದೆ. ಇಲ್ಲಿ ಮಾರುಕಟ್ಟೆಯನ್ನು ಯಾರೂ ಮುಚ್ಚಿಲ್ಲ. ಸರದಿಯಲ್ಲಿ ಮುಂದೆ ಯಾರು ನಿಲ್ಲಬೇಕೆಂದು ಹೇಳಿದ್ದಾರೆ, ಅಷ್ಟೇ.

ತಪ್ಪು ಕಲ್ಪನೆ: ಲ್ಯಾಂಡ್ ಬ್ಯಾಂಕು ಎಂದರೆ ಸರ್ಕಾರ ಬಡವರ ಆಸ್ತಿ ನುಂಗುವ ಹೊಸ ಉಪಾಯ.

ವಾಸ್ತವ: ಕೈಗಾರಿಕೆಗೆಂದು ಸರ್ಕಾರ ಸಾವಿರಾರು ಎಕರೆ ಸ್ವಾಧೀನ ಮಾಡಿಟ್ಟುಕೊಳ್ಳುವುದನ್ನೇ ಲ್ಯಾಂಡ್ ಬ್ಯಾಂಕ್ ಎಂದು ಓದಿಕೊಂಡು ಬಂದ ಕರ್ನಾಟಕದವರಿಗೆ ಈ ಗುಮಾನಿ ಬರುವುದು ಸಹಜ. ಅಮೆರಿಕದ ಲ್ಯಾಂಡ್ ಬ್ಯಾಂಕಿಗೆ ಬರುವುದು ಬಹುಮಟ್ಟಿಗೆ ಯಾರೂ ಬೇಡವೆಂದು ಬಿಟ್ಟ ಆಸ್ತಿ. ಹಾಗೆಂದು ಗುಮಾನಿ ಪೂರ್ತಿ ಸುಳ್ಳಲ್ಲ, ಇದನ್ನು ಪರವಾದಿಗಳು ಒಪ್ಪಿಕೊಳ್ಳಬೇಕು.

ಮಿನ್ನೆಸೋಟಾದ ಹೆನಪಿನ್ ಕೌಂಟಿ, ವೃದ್ಧೆ ಜೆರಾಲ್ಡೀನ್ ಟೈಲರ್ ಅವರ ಫ್ಲ್ಯಾಟನ್ನು ಬಡ್ಡಿ, ದಂಡ ಸೇರಿ ಸುಮಾರು 15 ಸಾವಿರ ಡಾಲರ್ ಬಾಕಿಗಾಗಿ ಜಪ್ತಿ ಮಾಡಿ 40 ಸಾವಿರಕ್ಕೆ ಮಾರಿ, ಮಿಕ್ಕ 25 ಸಾವಿರವನ್ನೂ ತಾನೇ ಇಟ್ಟುಕೊಂಡಿತ್ತು. ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಒಮ್ಮತದಿಂದ ಇದು ಸಂವಿಧಾನಬಾಹಿರ ಎಂದಿತು. ಡೆಟ್ರಾಯಿಟಿನ ಕಥೆ ಇನ್ನೂ ಕಹಿ. 2010ರಿಂದ 2016ರವರೆಗೆ ನಗರ ಮನೆಗಳ ಬೆಲೆಯನ್ನು ವಾಸ್ತವಕ್ಕಿಂತ ಹೆಚ್ಚು ಬರೆದು ಕನಿಷ್ಠ 60 ಕೋಟಿ ಡಾಲರ್ ಹೆಚ್ಚುವರಿ ತೆರಿಗೆ ಹೇರಿತ್ತೆಂದು ಡೆಟ್ರಾಯಿಟ್ ನ್ಯೂಸ್ ಪತ್ರಿಕೆ 2020ರಲ್ಲಿ ಲೆಕ್ಕ ಕೊಟ್ಟಿತು. ಕಟ್ಟಬೇಕಿಲ್ಲದ ತೆರಿಗೆಯನ್ನು ಕಟ್ಟಲಾಗದೆ ಮನೆ ಕಳೆದುಕೊಂಡವರು ಅಲ್ಲಿದ್ದಾರೆ. ಅನ್ಯಾಯದ ಜಪ್ತಿಯಿಂದ ಬಂದ ಮನೆಯನ್ನು ಎಷ್ಟು ಚಂದವಾಗಿ ಹಂಚಿದರೂ ಅದು ನ್ಯಾಯವಾಗುವುದಿಲ್ಲ. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಜನ ವಾಸವಿರುವ ಮನೆಯನ್ನು ಜಪ್ತಿಯಿಂದ ಉಳಿಸಲು ಎಲ್ಲ ಪ್ರಯತ್ನ, ತಪ್ಪದಿದ್ದರೆ ಬಾಕಿ ಕಳೆದು ಮಿಕ್ಕ ಹಣ ಮಾಲೀಕನಿಗೆ, ಆಮೇಲೆ ಲ್ಯಾಂಡ್ ಬ್ಯಾಂಕು. ಟೈಲರ್ ತೀರ್ಪಿನಿಂದ ಲ್ಯಾಂಡ್ ಬ್ಯಾಂಕುಗಳ ಲೆಕ್ಕಾಚಾರ ಬಿಗಿಯಾಯಿತು ಎಂದು ಗೊಣಗುವವರಿದ್ದಾರೆ. ಬಿಗಿಯಾಗಲಿ.

ತಪ್ಪು ಕಲ್ಪನೆ: ಕೆಡವಿದರೆ ಕಾರ್ಯಕ್ರಮ ಸೋತಂತೆ.

ವಾಸ್ತವ: ಜನಸಂಖ್ಯೆ ಅರ್ಧಕ್ಕಿಳಿದ ಊರಲ್ಲಿ ಎಲ್ಲ ಮನೆಗಳನ್ನೂ ತುಂಬುವಷ್ಟು ಜನರೇ ಇಲ್ಲ. 2009ರಲ್ಲಿ ಹುಟ್ಟಿದ ಕಯಾಹೋಗ ಲ್ಯಾಂಡ್ ಬ್ಯಾಂಕು ದುರಸ್ತಿಯಾಗುವುದನ್ನು ದುರಸ್ತಿ ಮಾಡಿ ಉಳಿದದ್ದನ್ನು ಕೆಡವಿತು. ಪ್ರಶ್ನೆ ಇರುವುದು ಕೆಡವಿದ ಜಾಗದಲ್ಲಿ. ಡೆಟ್ರಾಯಿಟಿನಲ್ಲಿ ಪಕ್ಕದ ಖಾಲಿ ಜಾಗವನ್ನು ಅದಕ್ಕೆ ಅಂಟಿಕೊಂಡ ಮನೆಯವರಿಗೆ 100 ಡಾಲರಿಗೆ ಕೊಡುವ ಯೋಜನೆ ಇದೆ. ಹಾಗೆ ಸಿಕ್ಕ ಜಾಗದಲ್ಲಿ ತರಕಾರಿ ಮಡಿಯೋ ಮಕ್ಕಳ ಜೋಕಾಲಿಯೋ ಬರುತ್ತದೆ.

ಇದು ಕಣ್ಣಿಗೆ ತಂಪು ಎಂಬಷ್ಟೇ ಮಾತಲ್ಲ. ಫಿಲಡೆಲ್ಫಿಯಾದಲ್ಲಿ ಚಾರ್ಲ್ಸ್ ಬ್ರಾನಸ್ ಮತ್ತು ಸಂಗಡಿಗರು 541 ಖಾಲಿ ನಿವೇಶನಗಳನ್ನು ಔಷಧ ಪರೀಕ್ಷೆಯ ಪದ್ಧತಿಯಲ್ಲೇ ಚೀಟಿ ಎತ್ತಿದಂತೆ ಗುಂಪು ಮಾಡಿದರು. ಕೆಲವಕ್ಕೆ ಏನೂ ಮಾಡಲಿಲ್ಲ. ಕೆಲವನ್ನು ಶುಚಿ ಮಾಡಿ ಬಿಟ್ಟರು. ಇನ್ನು ಕೆಲವಲ್ಲಿ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಬಿತ್ತಿ, ನಾಲ್ಕಾರು ಗಿಡ ನೆಟ್ಟು, ಗಿಡ್ಡನೆಯ ಮರದ ಬೇಲಿ ಹಾಕಿ, ಜನ ಓಡಾಡಲು ಬೇಲಿಯಲ್ಲಿ ಸಂದು ಬಿಟ್ಟರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ಸರಿಪಡಿಸಿದ ಜಾಗಗಳ ಸುತ್ತ, ಬಡತನ ರೇಖೆಯ ಕೆಳಗಿನ ಬಡಾವಣೆಗಳಲ್ಲಿ, ಬಂದೂಕಿನ ಹಿಂಸೆ ಶೇ. 29ರಷ್ಟು ಇಳಿಯಿತು. ಬಂದೂಕು ಬಚ್ಚಿಡಲು ಎದೆಮಟ್ಟದ ಕಳೆ ಇಲ್ಲ, ಹೊರಗೆ ಕೂರಲು ಅಕ್ಕಪಕ್ಕದವರಿಗೆ ಅಂಜಿಕೆಯಿಲ್ಲ. ಅಮೆರಿಕದ ಬಂದೂಕು ಸಮಸ್ಯೆಗೆ ಇಷ್ಟು ಅಗ್ಗದ ಮದ್ದು ಇನ್ನೊಂದು ನನ್ನ ಗಮನಕ್ಕೆ ಬಂದಿಲ್ಲ.

ತಪ್ಪು ಕಲ್ಪನೆ: ಇದೆಲ್ಲ ತೆರಿಗೆದಾರರ ದುಡ್ಡಿನಲ್ಲಿ ನಡೆಯುವ ದಾನಧರ್ಮ.

ವಾಸ್ತವ: ಸರ್ಕಾರದ ಹಣ ಬಂದದ್ದು ನಿಜ. 2008ರಿಂದ 2010ರೊಳಗೆ ನೆರೆಹೊರೆ ಸ್ಥಿರೀಕರಣ ಯೋಜನೆಗೆ ಅಮೆರಿಕದ ಸಂಸತ್ತು ಮೂರು ಕಂತಿನಲ್ಲಿ 392 ಕೋಟಿ, 200 ಕೋಟಿ, 100 ಕೋಟಿ ಡಾಲರ್ ಕೊಟ್ಟಿತು. 2008ರಲ್ಲೇ ಬ್ಯಾಂಕುಗಳನ್ನು ಎತ್ತಿಹಿಡಿಯಲು ಮಂಜೂರಾದದ್ದು 70 ಸಾವಿರ ಕೋಟಿ ಡಾಲರ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ದಾನ ಯಾರಿಗೆ ಹೋಯಿತೆಂದು ತಿಳಿಯುತ್ತದೆ. ಒಹಾಯೋದಲ್ಲಂತೂ ಲ್ಯಾಂಡ್ ಬ್ಯಾಂಕಿಗೆ ಮುಖ್ಯ ಆದಾಯ ತಡವಾಗಿ ಕಟ್ಟಿದ ಆಸ್ತಿ ತೆರಿಗೆಯ ಮೇಲಿನ ದಂಡ ಮತ್ತು ಬಡ್ಡಿ. ಕಯಾಹೋಗ ಕೌಂಟಿಯ ಖಜಾಂಚಿಯಾಗಿದ್ದ ಜಿಮ್ ರೊಕಾಕಿಸ್ ಹೋರಾಡಿ ತಂದ ಏರ್ಪಾಡು ಇದು. ಇನ್ನು ಖಾಲಿ ಮನೆಯನ್ನು ಹಾಗೇ ಬಿಡುವುದಕ್ಕೂ ಖರ್ಚಿದೆ. ಅಗ್ನಿಶಾಮಕ ದಳ, ಪೊಲೀಸು, ಕಿಟಕಿಗೆ ಪ್ಲೈವುಡ್ಡು, ಬಾರದ ತೆರಿಗೆ, ಕೊನೆಗೆ ಕೆಡವುವ ಕೂಲಿ ಎಲ್ಲವೂ ನಗರಸಭೆಯ ತಲೆಗೇ ಬರುತ್ತವೆ.

ತಪ್ಪು ಕಲ್ಪನೆ: ಬಡವರಿಗೆ ಮನೆ ಕೊಟ್ಟರೆ ಮತ್ತೆ ಕಳೆದುಕೊಳ್ಳುತ್ತಾರೆ.

ವಾಸ್ತವ: ಅಂಕಿ ಇದಕ್ಕೆ ತದ್ವಿರುದ್ಧ. ಸಮುದಾಯ ಭೂ ಟ್ರಸ್ಟಿನಲ್ಲಿ ನೆಲ ಟ್ರಸ್ಟಿನದು, ಕುಟುಂಬ ಕೊಳ್ಳುವುದು ಮನೆಯನ್ನಷ್ಟೇ. ನೆಲಕ್ಕೆ ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ. ಮಾರುವಾಗ ಮೊದಲೇ ಒಪ್ಪಿದ ಸೂತ್ರದ ಬೆಲೆಗೆ, ತಮ್ಮಂಥದೇ ಆದಾಯದ ಇನ್ನೊಂದು ಕುಟುಂಬಕ್ಕೆ ಮಾರಬೇಕು. ಟ್ರಸ್ಟಿನವರಿಗೆ ಕಂತು ತಪ್ಪಿದ್ದು ಬೇಗ ಗೊತ್ತಾಗುತ್ತದೆ. ಮನೆಗೆ ಬಂದು ಕೂತು ಮಾತಾಡುತ್ತಾರೆ, ಬೇಕಾದರೆ ತಾವೇ ಬಾಕಿ ಕಟ್ಟಿ ಜಪ್ತಿ ತಪ್ಪಿಸುವ ಹಕ್ಕು ಅವರಿಗಿದೆ. ಎಮಿಲಿ ಥೇಡನ್ ನಡೆಸಿದ ಅಧ್ಯಯನದ ಪ್ರಕಾರ 2010ರ ಕೊನೆಗೆ ಮಾರುಕಟ್ಟೆಯ ಮನೆಸಾಲಗಳಲ್ಲಿ ಶೇ. 4.63 ಜಪ್ತಿ ಪ್ರಕ್ರಿಯೆಯಲ್ಲಿದ್ದವು. ಭೂ ಟ್ರಸ್ಟಿನ ಮನೆಗಳಲ್ಲಿ ಶೇ. 0.46. ಅದೂ ಟ್ರಸ್ಟಿನ ಮನೆ ಕೊಂಡವರು ಕಡಿಮೆ ಆದಾಯದವರಾಗಿದ್ದೂ. ನಷ್ಟವೂ ಇದೆ: ಊರಿನ ಬೆಲೆ ದುಪ್ಪಟ್ಟಾದರೂ ಆ ಲಾಭ ಪೂರ್ತಿ ಕುಟುಂಬಕ್ಕೆ ಸಿಗದು. ಮನೆಯನ್ನು ಷೇರಿನಂತೆ ನೋಡುವವರಿಗೆ ಇದು ಹಿಡಿಸುವುದಿಲ್ಲ. ಅಂಥವರು ಕೊಳ್ಳುವುದು ಬೇಡ.

ಈ ಏರ್ಪಾಡಿನ ಬೇರು ನಮ್ಮ ಕಡೆಗೂ ಚಾಚಿದೆ. 1951ರ ಏಪ್ರಿಲಿನಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಭಾವೆಯವರಿಗೆ 100 ಎಕರೆ ಸಿಕ್ಕು ಭೂದಾನ ಶುರುವಾಯಿತು. ದಾನ ಸಿಕ್ಕವರಲ್ಲಿ ಹಲವರಿಗೆ ಬೀಜಕ್ಕೆ, ಎತ್ತಿಗೆ ದುಡ್ಡಿರಲಿಲ್ಲ; ನೆಲ ಮತ್ತೆ ಕೈಬಿಟ್ಟುಹೋಗುತ್ತಿತ್ತು. ಆದ್ದರಿಂದ ನೆಲ ಒಬ್ಬೊಬ್ಬನ ಹೆಸರಿಗೆ ಬೇಡ, ಊರಿನ ಹೆಸರಿಗಿರಲಿ ಎಂಬ ಗ್ರಾಮದಾನ ಬಂತು. ಅದರ ಮೇಲೆ ಚರ್ಚೆಗೆ 1957ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಸೇರಿ ಹಲವು ಪಕ್ಷಗಳ ನಾಯಕರು ಕೂಡಿದ್ದು ಮೈಸೂರಿನ ಪಕ್ಕದ ಯಲವಾಲದಲ್ಲಿ. ಗ್ರಾಮದಾನದಿಂದ ಪ್ರೇರಣೆ ಪಡೆದ ರಾಬರ್ಟ್ ಸ್ವಾನ್, ಕರಿಯರ ನಾಗರಿಕ ಹಕ್ಕುಗಳ ಹೋರಾಟಗಾರರಾದ ಸ್ಲೇಟರ್ ಕಿಂಗ್, ಚಾರ್ಲ್ಸ್ ಶೆರಾಡ್ ಮುಂತಾದವರೊಡನೆ 1969ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ‘ನ್ಯೂ ಕಮ್ಯುನಿಟೀಸ್’ ಕಟ್ಟಿದರು. ಅಮೆರಿಕದ ಮೊದಲ ಸಮುದಾಯ ಭೂ ಟ್ರಸ್ಟು ಅದು, ಸುಮಾರು 5,700 ಎಕರೆ.

ಬರ ಬಿದ್ದಾಗ ಕೃಷಿ ಇಲಾಖೆ ಬಿಳಿಯ ರೈತರಿಗೆ ಕೊಟ್ಟಂತೆ ಇವರಿಗೆ ಹೊತ್ತಿಗೆ ಸರಿಯಾಗಿ ತುರ್ತು ಸಾಲ ಕೊಡಲಿಲ್ಲ. 1985ರಲ್ಲಿ ಅಷ್ಟೂ ನೆಲ ಜಪ್ತಿಯಾಯಿತು. ಜಪ್ತಿಯಿಂದ ಬಡವರನ್ನು ಕಾಯುವ ಮಾದರಿಯ ಮೊದಲ ಕೂಸೇ ಜಪ್ತಿಗೆ ಹೋದದ್ದು. ಕರಿಯ ರೈತರು ತಾರತಮ್ಯದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 2009ರಲ್ಲಿ 1.2 ಕೋಟಿ ಡಾಲರ್ ಪರಿಹಾರ ಬಂತು. ಆ ಹಣದಿಂದ 2011ರಲ್ಲಿ ಅವರು ಹಿಂದೆ ಗುಲಾಮರು ದುಡಿದಿದ್ದ 1,600 ಎಕರೆಗೂ ಮಿಕ್ಕಿದ ತೋಟವೊಂದನ್ನು ಕೊಂಡರು. ಅಷ್ಟರಲ್ಲಿ ಮಾದರಿ ಬೇರೆಡೆ ಬೇರು ಬಿಟ್ಟಿತ್ತು. ವರ್ಮಾಂಟಿನ ಬರ್ಲಿಂಗ್ಟನ್‌ನಲ್ಲಿ ಬರ್ನಿ ಸ್ಯಾಂಡರ್ಸ್ ಮೇಯರ್ ಆಗಿದ್ದಾಗ, 1984ರಲ್ಲಿ, ನಗರಸಭೆ 2 ಲಕ್ಷ ಡಾಲರ್ ಮೂಲಧನ ಕೊಟ್ಟು ಹುಟ್ಟಿಸಿದ ಟ್ರಸ್ಟು ಇವತ್ತು ದೇಶದ ಅತಿ ದೊಡ್ಡ ಭೂ ಟ್ರಸ್ಟುಗಳಲ್ಲಿ ಒಂದು.

ತಪ್ಪು ಕಲ್ಪನೆ: ಅದೆಲ್ಲ 2008ರ ಕಥೆ. ಈಗ ಮನೆಗಳಿಗೇ ಬರ, ಖಾಲಿ ಮನೆ ಎಲ್ಲಿದೆ?

ವಾಸ್ತವ: ಜಪ್ತಿ ಕಡಿಮೆಯಾಗಿದೆ, ನಿಂತಿಲ್ಲ. ಹರಾಜಿನಲ್ಲಿ ಮನೆ ಹಿಡಿಯಲು ರೊಕ್ಕ ಹಿಡಿದು ನಿಂತವರು ಮಾತ್ರ ಹೆಚ್ಚಿದ್ದಾರೆ. ಆ ಸಾಲಿನಲ್ಲಿ ಎರಡನೆಯ ಮನೆಯ ಕನಸಿನ ನಮ್ಮವರೂ ಇರುತ್ತಾರೆ. ತಪ್ಪೇನಿಲ್ಲ, ಕಾನೂನು ಬಿಟ್ಟಿದೆ. ಒಂದು ವಿಚಾರಣೆ ಮಾತ್ರ ಮಾಡಿಕೊಳ್ಳಿ: ಆ ಮನೆಯೊಳಗೆ ಬಾಡಿಗೆದಾರರಿದ್ದಾರೆಯೇ, ಅವರಿಗೆ ಮೊದಲ ಹಕ್ಕಿದೆಯೇ. ನಿಮ್ಮ ಕೌಂಟಿಯಲ್ಲಿ ಲ್ಯಾಂಡ್ ಬ್ಯಾಂಕು ಇದ್ದರೆ ಅದರ ಮಂಡಳಿ ಸಭೆ ಸಾಮಾನ್ಯವಾಗಿ ಎಲ್ಲರಿಗೂ ತೆರೆದದ್ದು. ಬರುವ ಸಭೆಗೆ ಹೋಗಿ ಕೂತು, ನಿಮ್ಮ ಬೀದಿಯ ಬೀಗ ಹಾಕಿದ ಮನೆ ಯಾರ ಹೆಸರಲ್ಲಿದೆ ಎಂದು ಕೇಳಿ.